ಓಣಿಗೆ ಹೊತ್ತು ಹೇಳಿದ ಟ್ಯಾಬು

ಮೊನ್ನೆ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಕಪಾಟಿನ ಕೆಳಗಿನ ಖಣ ತೆರೆದಾಗ ಹುರಿದ ಶೇಂಗಾದ ವಾಸನೆ ಬಂತು. ಹೆಂಡತಿಗೆ ಹೇಳಿದರೆ, "ನಿಮಗ ಹಸಿವಿ ಆಗೇತಿ, ಅಷ್ಟ," ಎಂದಳು. ಮನೆಯಲ್ಲಿ ನನ್ನ ಮೂಗಿಗಿರುವ ಮರ್ಯಾದೆ ಇಷ್ಟು. ಆದರೆ ವಾಸನೆ ಖರೆ. ಹಳೆಯ ಪಾತಳ ಸೀರೆಯ ತುಂಡಿನಿಂದ ಕೈಯಲ್ಲೇ ಹೊಲಿದ ಒಂದು ಚೀಲದಿಂದ ಅದು ಬರುತ್ತಿತ್ತು. ಚೀಲದೊಳಗೆ ಟ್ಯಾಬು. ಅಂಗೈಗಿಂತ ತುಸು ದೊಡ್ಡದು, ಒಂದು ಮೂಲೆ ಸೀಳಿದ್ದು. ಗಾಜಿನ ಅಂಚಿನ ಸಂದಿಯಲ್ಲಿ ಇನ್ನೂ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಕಣಗಳು ಕೂತಿದ್ದವು. ಟ್ಯಾಬು ಮಾರುವವರು ನೀರು, ಧೂಳು ತಾಗಿಸಬೇಡಿ ಎಂದು ಹೇಳುತ್ತಾರೆ. ಹಿಂಡಿಯ ಸುದ್ದಿ ಯಾರೂ ಎತ್ತುವುದಿಲ್ಲ.

ನೋಡಿ, ಇದು ನನ್ನ ಅತ್ಯಾನ ಟ್ಯಾಬು. ಅತ್ಯಾ ಎಂದರೆ ನಮ್ಮ ಅಪ್ಪನ ಅಕ್ಕ. ನಮ್ಮ ಕಡೆ ಅತ್ತೆಯನ್ನು ಹೀಗೆಯೇ ಕರೆಯುವುದು. ಅರ್ಧ ಮರಾಠಿ, ಅರ್ಧ ಪ್ರೀತಿ. ಕಾಗವಾಡಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಸದಲಗಾಕ್ಕೆ, ತವರಿಗೆ ಬಂದವಳು ಮತ್ತೆ ಹೊರಟವಳಲ್ಲ. ಮನೆ ತುಂಬ ಜನ, ಹಿತ್ತಲ ತುಂಬ ಎಮ್ಮೆ. ಎರಡನ್ನೂ ಒಂದೇ ದನಿಯಲ್ಲಿ ಗದರಿಸುತ್ತ ಅವಳು ಆ ಮನೆಯನ್ನು ಆಳಿದಳು. ನಾವು ಮಾತು ಕಲಿತದ್ದೂ ಅವಳ ಬಾಯಿಂದಲೇ. ಶಾಲೆಯಲ್ಲಿ ಮಾಸ್ತರರು ತಿದ್ದಿದ್ದನ್ನು ಸಂಜೆ ಅತ್ಯಾ ಮತ್ತೆ ಕೆಡಿಸುತ್ತಿದ್ದಳು. ಆ ಕೆಟ್ಟ ಕನ್ನಡವೇ ನನಗೆ ಇವತ್ತಿಗೂ ಸರಾಗ.

ಟ್ಯಾಬನ್ನು ಕೊಂಡದ್ದು ನಿಪ್ಪಾಣಿಯಲ್ಲಿ, ಶಾಲೆಗಳು ಮುಚ್ಚಿ ಮಕ್ಕಳ ಪಾಠಗಳೆಲ್ಲ ಪರದೆಗೆ ಬಂದಿದ್ದ ಕಾಲದಲ್ಲಿ. ಅಂಗಡಿಯಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಶಾಲೆ ತೆರೆದ ಮೇಲೆ ಮಕ್ಕಳು ಅದನ್ನು ಮೂಸಿಯೂ ನೋಡಲಿಲ್ಲ. "ಇಲ್ಲಿ ತಾ, ನನಗ ಪ್ರವಚನ ಕೇಳಾಕ ಆಗ್ತೈತಿ," ಎಂದು ಅತ್ಯಾ ಎತ್ತಿಕೊಂಡಳು. ಅಂದಿನಿಂದ ಅದು ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಗೆ ಆತುಕೊಂಡು ನಿಂತಿತು. ಕೈಗೆ ಹಿಟ್ಟು ಹತ್ತಿದ್ದರೆ ಮೊಣಕೈಯಿಂದ ಒತ್ತುವಳು. ಖಂಡೇಪೂಜೆಯ ದಿನ ಕುಡುಗೋಲು, ಈಳಿಗೆಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದಳು. ಕುಂಕುಮ ಸ್ಪೀಕರಿನ ತೂತಿಗೇ ಹೋಗಿ, ಮುಂದೆ ಒಂದು ತಿಂಗಳು ಪ್ರವಚನ ಹೇಳುವವರಿಗೆಲ್ಲ ನೆಗಡಿ ಬಂದಂತಿತ್ತು.

ಮನೆತನದಲ್ಲಿ ನಾನೇ ಇಂಜಿನಿಯರ್. ಓದಿದ್ದು ಬೇರೆ, ಕಚೇರಿಯಲ್ಲಿ ಮಾಡುವುದು ಗುಮಾಸ್ತಿಕೆ. ಟ್ಯಾಬಿನ ಬಗ್ಗೆ ನನ್ನ ವಿದ್ಯೆ ಆರಿಸಿ ಮತ್ತೆ ಹಚ್ಚುವುದಕ್ಕೆ ಮುಗಿಯುತ್ತದೆ. ಆದರೂ ಭಾನುವಾರ ಚಿಕ್ಕೋಡಿಯಿಂದ ಗಾಡಿ ಹೊಡೆದುಕೊಂಡು ಹೋದರೆ ಅತ್ಯಾ ಡಾಕ್ಟರ್ ಬಂದಂತೆ ಎದ್ದು ನಿಲ್ಲುತ್ತಿದ್ದಳು. "ನೋಡ ಬಾಳಾ, ಮತ್ತ ಸಿಟ್ಟಿಗೆದ್ದೈತಿ. ಜಾಗಾ ಇಲ್ಲ ಅಂತೈತಿ." ಜಾಗ ಎಲ್ಲಿಂದ ಬರಬೇಕು? ಅಥಣಿಯ ಬೀಗರು, ರಾಯಬಾಗದ ತಂಗಿ, ಪಾಲಬಾವಿಯ ಯಾರೋ ಬೀಗತಿ ದಿನಾ ಮುಂಜಾನೆ ಕಳಿಸಿದ ಗುಲಾಬಿ ಹೂವು, ಉದಯಸೂರ್ಯ, ಚಹಾದ ಕಪ್ಪು ಎಲ್ಲವೂ ಒಳಗೆ ಒತ್ತಿ ಕೂತಿದ್ದವು.

"ಇವನ್ನೆಲ್ಲ ತಗದ ಒಗೀತೀನಿ ಅತ್ಯಾ. ಅಂದರನ ಅಪ್‌ಡೇಟ್ ಆಗ್ತೈತಿ."

"ಒಗದಗಿದ್ದೀ! ಮುದ್ದಾಂ ನೆನಪಿಟ್ಟು ಕಳಸ್ಯಾರ. ಮನಿಗೆ ಬಂದವರನ್ನ ಜಾಗಾ ಇಲ್ಲಂತ ಹೊರಗ ಹಾಕ್ತಾರೇನು?"

ಕಡೆಗೆ ಇಬ್ಬರೂ ಕೂತು ಒಂದೊಂದೇ ಚಿತ್ರ ನೋಡುತ್ತ, ಚಹಾದ ಕಪ್ಪುಗಳನ್ನು ಮಾತ್ರ ತೆಗೆಯುತ್ತಿದ್ದೆವು. ಅವಳು ಚಹಾ ಕುಡಿಯುತ್ತಿರಲಿಲ್ಲ.

ಈ ಟ್ಯಾಬಿನಲ್ಲಿ ನಾನು ಹಾಕಿಕೊಟ್ಟ ಒಂದು ಸಣ್ಣ ಆ್ಯಪ್ ಇತ್ತು. ಹೊತ್ತು ಮುಳುಗಲು ಇನ್ನೆಷ್ಟು ಸಮಯ ಉಳಿದಿದೆ ಎಂಬುದನ್ನು ಅದು ದಪ್ಪ ಅಕ್ಷರದಲ್ಲಿ ತೋರಿಸುತ್ತಿತ್ತು. ನಮ್ಮದು ಜೈನರ ಓಣಿ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸಿ ಕೈ ತೊಳೆಯಬೇಕು. ನಾವು ಗಂಡಸರು ಊರ ಹೊರಗೆ ನೌಕರಿ ಹಿಡಿದ ಮೇಲೆ ಅದನ್ನು ಜಾರಿಸಿಕೊಂಡೆವು. ಅತ್ಯಾ ಮಾತ್ರ ಬುದ್ಧಿ ತಿಳಿದಂದಿನಿಂದ ಒಂದು ದಿನ ತಪ್ಪಿದವಳಲ್ಲ. ಟ್ಯಾಬು ಬರುವ ಮೊದಲು ಓಣಿಗೆ ಲೆಕ್ಕ ಸಿಗುತ್ತಿದ್ದುದು ಊರ ಮಸೀದಿಯಿಂದ. ಸಂಜೆಯ ಬಾಂಗು ಕೂಗಿತೆಂದರೆ ಹೊತ್ತು ಮುಳುಗಿತೆಂದೇ ಅರ್ಥ. ಅಷ್ಟರೊಳಗೆ ತಾಟು ಎತ್ತಿರಬೇಕು. ರಮಜಾನ್ ತಿಂಗಳಲ್ಲಿ ಅವರು ಉಪವಾಸ ಬಿಡುವ ಕ್ಷಣಕ್ಕೆ ನಾವು ಬಾಯಿ ಕಟ್ಟುತ್ತಿದ್ದೆವು. ಒಂದೇ ಕೂಗು ಇಬ್ಬರಿಗೂ ಸಾಕಾಗುತ್ತಿತ್ತು.

ಆದರೆ ಬಾಂಗು ಹೇಳುವುದು ಹೊತ್ತು ಮುಗಿಯಿತೆಂದು. ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳಲು ಅತ್ಯಾನ ಟ್ಯಾಬು ಬಂತು. ಎದುರು ಮನೆಯ ಶಾಂತಾ ವೈನಿ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಲೇ ಕೂಗುವಳು: "ಅತ್ಯಾ, ಎಷ್ಟ ಹೊತ್ತ ಐತಿ?" ಅವಳ ಹಿಂದೆ ಇನ್ನೊಂದು ಮನೆ, ಮತ್ತೊಂದು ಮನೆ. ಅವರ ಮನೆಗಳಲ್ಲಿ ಫೋನಿರಲಿಲ್ಲವೆಂದಲ್ಲ. ಫೋನು ಗಂಡಸರ ಕಿಸೆಯಲ್ಲಿ ಹೊಲಕ್ಕೋ ಡೇರಿಗೋ ಹೋಗಿರುತ್ತಿತ್ತು, ಹೆಂಗಸರ ಕೈ ಹಿಟ್ಟಿನಲ್ಲಿರುತ್ತಿತ್ತು. ಗೋಡೆಯ ಗಡಿಯಾರಕ್ಕೆ ಸೂರ್ಯನ ಸುದ್ದಿ ಗೊತ್ತಿಲ್ಲ. ನಮ್ಮ ಮನೆಯ ಗಡಿಯಾರವನ್ನಂತೂ ಕಾಕಾ, ಅಪ್ಪನ ತಮ್ಮ, ಬಸ್ಸು ತಪ್ಪಬಾರದೆಂದು ಮುಂದಿಟ್ಟು, ಎಷ್ಟು ಮುಂದಿಟ್ಟಿದ್ದೇನೆಂಬುದನ್ನು ತಾನೇ ಮರೆತಿದ್ದ. ಹೀಗಾಗಿ ಎಲ್ಲರೂ ಅತ್ಯಾನನ್ನೇ ಕೇಳುವುದು. ಅವಳು ಮೊಣಕೈಯಿಂದ ಒಮ್ಮೆ ಒತ್ತಿ ನೋಡಿ, "ಇನ್ನೂ ಐತಿ, ಸಾವಕಾಶ ಉಣ್ರಿ," ಎಂದು ಕೂಗಿ ಹೇಳುವಳು. ಮುಖದ ಮೇಲೆ ಆಗ ಬರುತ್ತಿದ್ದ ಕಳೆಯನ್ನು ನಾನು ದೊಡ್ಡ ಸಾಹೇಬರ ಮುಖದ ಮೇಲೂ ಕಂಡಿಲ್ಲ.

ಇನ್ನು ಆ ಭಾನುವಾರದ ಸುದ್ದಿಗೆ ಬರುತ್ತೇನೆ. ಶ್ರಾವಣ. ಚಾತುರ್ಮಾಸವಾದ್ದರಿಂದ ಎಂದೂ ನೇಮ ಹಿಡಿಯದವರೂ ಹಿಡಿದಿದ್ದರು. ದೂಧಗಂಗಾ ಹೊಳೆ ದಂಡೆಗೆ ಬಂದಿತ್ತು, ದಿನವಿಡೀ ಸೂರ್ಯ ಕಂಡಿರಲಿಲ್ಲ. ಟ್ಯಾಬು ಮುಂಜಾನೆಯಿಂದ ಅಪ್‌ಡೇಟ್ ಬೇಡುತ್ತಿತ್ತಂತೆ. ಮಳೆಯಲ್ಲಿ ನಾನು ಬರಲಿಕ್ಕಿಲ್ಲವೆಂದುಕೊಂಡು ಅತ್ಯಾ ತಾನೇ ಧೈರ್ಯ ಮಾಡಿ ಒತ್ತಿದಳು. ಮಧ್ಯಾಹ್ನ ಕರೆಂಟು ಹೋಗಿ, ಬ್ಯಾಟರಿ ತೀರಿ, ಟ್ಯಾಬು ಅರ್ಧಕ್ಕೇ ಆರಿತು. ಕರೆಂಟು ಬಂದ ಮೇಲೆ ಕಾಕಾ ಚಾರ್ಜಿಗೆ ಹಚ್ಚಿದ. ಎಲ್ಲ ಸುರಳೀತ ಮುಗಿದು, ಹೊಸ ಬಣ್ಣ, ಹೊಸ ಅಕ್ಷರಗಳೊಡನೆ ಅದು ಎದ್ದು ಕೂತಿತು. "ಹೊಸ ಸೊಸಿ ಬಂದಂಗ ಆಗೇತಿ ನೋಡ," ಎಂದಳಂತೆ ಅತ್ಯಾ.

ಒಂದೇ ಕೊರತೆ. ಅಗ್ಗದ ಯಂತ್ರ; ಆರಿದ್ದಷ್ಟು ಹೊತ್ತನ್ನು ಅದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲಿ ಕಣ್ಣು ಮುಚ್ಚಿತ್ತೋ ಅಲ್ಲಿಂದಲೇ ಗಡಿಯಾರ ಮುಂದುವರಿಸಿತ್ತು. ವೈಫೈ ಇದ್ದರೆ ತಾನೇ ತಿದ್ದಿಕೊಳ್ಳುತ್ತಿತ್ತು. ಮಳೆಗೆ ಅದೂ ಹೋಗಿತ್ತು.

ಸಂಜೆ ಶಾಂತಾ ವೈನಿ ಎಂದಿನಂತೆ ಕೂಗಿದಳು. "ಭಾಳ ಐತಿ, ಸಾವಕಾಶ ರೊಟ್ಟಿ ಬಡೀರಿ," ಎಂದಳು ಅತ್ಯಾ. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಮತ್ತೆ ಹೋಯಿತು. ಓಣಿಯಲ್ಲಿ ಊಟಕ್ಕೆ ತಾಟುಗಳು ಬಿದ್ದವು. ಅಷ್ಟರಲ್ಲಿ ಮಳೆಯ ಸದ್ದಿನೊಳಗಿಂದ ಬಾಂಗು ಕೇಳಿಸಿತು. ಮೈಕಿಲ್ಲದ, ಬರೀ ಗಂಟಲಿನ ಕೂಗು.

"ಅತ್ಯಾ, ಬಾಂಗ ಆತಲ್ಲ?" ಎಂದು ವೈನಿ ಕಿಟಕಿಯಿಂದ ಕೇಳಿದಳಂತೆ.

ಅತ್ಯಾ ಟ್ಯಾಬು ನೋಡಿದಳು. "ಇಲ್ಲವಾ, ಇನ್ನೂ ಐತಿ. ಇಂಥಾ ಮೋಡದಾಗ ಅವರಿಗೆ ಹೆಂಗ ತಿಳೀಬೇಕು? ಉಣ್ರಿ, ಉಣ್ರಿ."

ಅದೇ ಸಮಯಕ್ಕೆ ಗಾಡಿಯ ದೀಪ ಹಚ್ಚಿಕೊಂಡು, ತೊಯ್ದು ತೊಪ್ಪೆಯಾಗಿ ನಾನು ಅಂಗಳಕ್ಕೆ ಬಂದೆ. ಪಡಸಾಲೆಯಲ್ಲಿ ಅತ್ಯಾ ತಾಟಿನ ಮುಂದೆ ಕೂತಿದ್ದಳು. ನನಗೆ ನಗು ಬಂತು. "ಏನ ಅತ್ಯಾ, ಇವತ್ತ ನಮ್ಮ ಪಾರ್ಟಿಗೆ ಸೇರೀದಿ?"

"ನಿಮ್ಮ ಪಾರ್ಟಿಗೆ ಬೆಂಕಿ ಹತ್ತಲಿ. ಇನ್ನೂ ಹೊತ್ತೈತಿ."

ನಾನು ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು ನೋಡಿದೆ. ಆಮೇಲೆ ಕಿಟಕಿಯಲ್ಲಿದ್ದ ಟ್ಯಾಬು ನೋಡಿದೆ. ಎರಡರ ಲೆಕ್ಕ ಕೂಡಲಿಲ್ಲ. ಅತ್ಯಾ ನನ್ನ ಮುಖ ನೋಡಿ, ಬಾಯೊಳಗಿನ ತುತ್ತನ್ನು ಅಂಗೈಗೆ ತೆಗೆದಳು. ಎದ್ದು, ಕೈ ಬಾಯಿ ತೊಳೆದು, ಸೆರಗನ್ನೂ ತಲೆಗೆ ಹೊದೆಯದೆ ಮಳೆಗಿಳಿದಳು. ಮೊದಲ ಬಾಗಿಲು, ಎರಡನೆಯ ಬಾಗಿಲು. "ಕೈ ತೊಳಕೋರಿ. ಹೊತ್ತ ಮುಳುಗೇತಿ. ನಾ ತಪ್ಪ ಹೇಳಿದೆ." ಒಂದೇ ಮಾತು, ಪ್ರತಿ ಬಾಗಿಲಲ್ಲೂ. ನಾನು ಛತ್ರಿ ಹಿಡಿದು ಹಿಂದೆ ಓಡುತ್ತಿದ್ದೆ. ಅವಳು ನಿಲ್ಲದೆ ಹೋಗುತ್ತಿದ್ದುದರಿಂದ ಛತ್ರಿಯ ನೀರೆಲ್ಲ ಅವಳ ಬೆನ್ನಿಗೇ ಸುರಿಯುತ್ತಿತ್ತು. ಮನೆಗಳ ಒಳಗೆ ತಾಟು ಸರಿಯುವ ಸದ್ದು ಕೇಳುತ್ತಿತ್ತು.

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಕೂತು ಹೇಳಿದಳು: "ನನ್ನ ಮಾತ ಕೇಳಿ ಉಂಡಾರ. ಒಂದೊಂದ ಮನಿ ಸಲುವಾಗಿ ಒಂದೊಂದ ಉಪವಾಸ ಮಾಡ್ತೀನಿ. ನೀರ ಮ್ಯಾಲ."

ಕಾಕಾ ಅವಳ ತಮ್ಮ. ಅವಳೆದುರು ಎಂದೂ ದನಿ ಎತ್ತಿದವನಲ್ಲ. ಅಂದು ಎತ್ತಿದ. "ಅಕ್ಕಾ, ಸಕ್ಕರಿ ಬ್ಯಾನಿ ಗುಳಿಗಿ ನುಂಗಾಕಿ ನೀ. ಇಷ್ಟ ಮನಿ ಉಪವಾಸ ಮಾಡಿದರ ನಿನ್ನ ಹೆಣಾ ಎತ್ತಬೇಕಾಗ್ತೈತಿ."

"ಎತ್ತು," ಎಂದಳು ಅತ್ಯಾ. ನನ್ನ ಕಡೆ ತಿರುಗಿ, "ಇದನ್ನ ನಿನ್ನ ಕೂಡ ಒಯ್ಯಿ. ನನ್ನ ಕಣ್ಣ ಮುಂದ ಬ್ಯಾಡ," ಎಂದು ಟ್ಯಾಬನ್ನು ಸರಿಸಿದಳು. ಅವಳ ಹಟ ನಮಗೆ ಗೊತ್ತಿತ್ತು. ನಾನು ಮರುದಿನಕ್ಕೆ ರಜೆ ಹೇಳಿ ಅಲ್ಲೇ ಉಳಿದೆ. ಕಾಕಾ ಗುಳಿಗೆಯ ಡಬ್ಬಿ ಹಿಡಿದುಕೊಂಡು ಒಳಗೂ ಹೊರಗೂ ತಿರುಗುತ್ತಿದ್ದ.

ಮುಂಜಾನೆ ಶಾಂತಾ ವೈನಿ ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು. ಬೈಯಲು ಬಂದರೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ವೈನಿ ನನ್ನನ್ನು ಪರದೆ ಸರಿಸಿದಂತೆ ಸರಿಸಿ ಒಳಗೆ ಹೋದಳು.

"ಅತ್ಯಾ, ನಮ್ಮ ಮನಿ ಉಪವಾಸ ನೀ ಮಾಡಾಕತ್ತೀಯಂತ ಕೇಳಿದೆ. ಯಾರನ್ನ ಕೇಳಿ?"

"ನಾ ಹೇಳಿದ್ದಕ್ಕ ಉಂಡ್ರಿ, ಶಾಂತಾ."

"ಹೌದ. ಇಷ್ಟ ದಿನಾನೂ ನೀ ಹೇಳಿದ್ದಕ್ಕ ಹೊತ್ತಿನೊಳಗ ಉಂಡೇವಿ. ಆ ಪುಣ್ಯಾ ಎಲ್ಲಾ ನೀ ಒಬ್ಬಾಕೀನ ಗಂಟ ಕಟ್ಟಿ ಇಟಗೊಂಡೀಯೇನು? ಇಲ್ಲಲ್ಲ? ಹಂಗಾರ ಈ ಪಾಪಾನೂ ನಿನಗ ಕೊಡಂಗಿಲ್ಲ. ನಮ್ಮ ಬಾಯಿಲೆ ಉಂಡೇವಿ, ನಮ್ಮ ಹೊಟ್ಟಿಲೆ ಕಳೀತೇವಿ. ಇವತ್ತ ಓಣ್ಯಾಗ ಯಾರ ಮನ್ಯಾಗೂ ಒಲಿ ಹಚ್ಚಿಲ್ಲ, ಹೋಗಿ ನೋಡು. ನಿನ್ನದು ನಿನ್ನದಷ್ಟ ಒಂದ ಮಾಡು. ಗುಳಿಗಿ ಹೆಂಗಂತ ಡಾಕ್ಟರಗ ಕೇಳಿ ಮಾಡು."

ಅತ್ಯಾ ಕಾಕಾನ ಕಡೆ ಕೈ ಚಾಚಿ ಗುಳಿಗೆಯ ಡಬ್ಬಿ ಇಸಿದುಕೊಂಡಳು.

ಆ ದಿನ ಓಣಿಯಲ್ಲಿ ಕುಕ್ಕರ್ ಸೀಟಿ ಇಲ್ಲ, ಒಗ್ಗರಣೆಯ ಘಾಟಿಲ್ಲ. ಸಂಜೆಗೆ ಮಳೆ ನಿಂತಿತು. ಉಪವಾಸ ಒಂದಕ್ಕೇ ಇಳಿದಿತ್ತು, ಆದರೆ ಅತ್ಯಾ ಹೊಸ್ತಿಲಲ್ಲಿ ಮಂಕಾಗಿ ಕೂತಿದ್ದಳು. ಇನ್ನು ತನ್ನನ್ನು ಯಾರೂ ಕೇಳುವುದಿಲ್ಲವೆಂಬುದು ಅವಳಿಗೆ ಹಸಿವಿಗಿಂತ ಹೆಚ್ಚು ಹತ್ತಿತ್ತು. ಅಷ್ಟರಲ್ಲಿ ಎದುರು ಮಾಳಿಗೆಯಿಂದ ಕೂಗು ಬಂತು.

"ಅತ್ಯಾ, ಎಷ್ಟ ಹೊತ್ತ ಐತಿ?"

ಅತ್ಯಾ ತಲೆ ಎತ್ತಲಿಲ್ಲ. ಪಕ್ಕದ ಮನೆಯಿಂದ ಇನ್ನೊಂದು ದನಿ ಅದನ್ನೇ ಕೇಳಿತು. ಆಚೆಯಿಂದ ಮತ್ತೊಂದು.

"ಉಪಾಸ ಇದ್ದವರಿಗೆ ಹೊತ್ತ ಯಾಕ ಬೇಕವಾ?" ಎಂದಳು ಅತ್ಯಾ, ಸಣ್ಣ ದನಿಯಲ್ಲಿ.

"ಬೇಕಾಗೇತಿ, ಹೇಳು," ಎಂದಳು ವೈನಿ.

ವೈಫೈ ಬಂದು ಟ್ಯಾಬು ಆಗಲೇ ತನ್ನನ್ನು ತಿದ್ದಿಕೊಂಡಿತ್ತು. ನಾನು ಮುಂದೆ ಹಿಡಿದೆ. ಅವಳು ಅದನ್ನು ಕೈಯಲ್ಲಿ ಹಿಡಿದಳು, ಆದರೆ ನೋಡಲಿಲ್ಲ. ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿ, ಕಬ್ಬಿನ ಗದ್ದೆಗಳಾಚೆ ಕೊಲ್ಲಾಪುರದ ಕಡೆ ಹಸಿ ಬೆಳಕಿನಲ್ಲಿ ನಿಂತಿದ್ದ ಸೂರ್ಯನನ್ನು ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಟ್ಯಾಬು ನೋಡಿದಳು. ಎರಡೂ ಕೂಡಿದ ಮೇಲೆ ಗಂಟಲು ಸರಿಮಾಡಿಕೊಂಡು ಕೂಗಿದಳು: "ಇನ್ನೂ ಐತಿ!" ಕಾಕಾ ಅಂಗಳದಲ್ಲಿ ನಿಂತು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ.

ಅಂದಿನಿಂದ ಕಡೆಯತನಕ ಹೀಗೆಯೇ ನಡೆಯಿತು. ಮೊದಲು ಮಾಳಿಗೆ, ಆಮೇಲೆ ಟ್ಯಾಬು, ಆಮೇಲೆ ಕೂಗು. ಹೋದ ವರ್ಷ ಅತ್ಯಾ ತೀರಿಕೊಂಡಳು. ಟ್ಯಾಬು ನನ್ನ ಪಾಲಿಗೆ ಬಂತು, ನಾನು ಖಣದಲ್ಲಿಟ್ಟು ಮರೆತೆ.

ಮೊನ್ನೆ ಅದನ್ನು ಚಾರ್ಜಿಗೆ ಹಚ್ಚಿದರೆ ಬಹಳ ಹೊತ್ತಿನ ಮೇಲೆ ಪರದೆ ಬೆಳಗಿತು. ಇದಕ್ಕೆ ಇನ್ನು ಯಾವ ಅಪ್‌ಡೇಟೂ ಬರುವುದಿಲ್ಲ ಎಂಬ ಬರಹ ಬಂತು. ಸಂಜೆಯಾಗಿತ್ತು. ಅಡುಗೆ ಆಗಿತ್ತು. ಎಂದೂ ಇಲ್ಲದ್ದು, ಬೆಳಕಿರುವಾಗಲೇ ತಾಟು ಹಾಕೆಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ತಾಟಿನ ಮುಂದೆ ಕೂತವನು, ಏನನ್ನಿಸಿತೋ, ಫೋನು ತೆಗೆದು ಸದಲಗಾಕ್ಕೆ, ಶಾಂತಾ ವೈನಿಗೆ ಹಚ್ಚಿದೆ.

"ವೈನಿ, ಎಷ್ಟ ಹೊತ್ತ ಐತಿ?"

"ಅಯ್ಯ ಹುಚ್ಚ್ಯಾ, ಕೈಯಾಗಿನ ಫೋನ್ ಏನ ಕಣ್ಣ ಮುಚ್ಚೈತೇನು?" ಎಂದಳು. ಅವರ ಹಿತ್ತಲ ಎಮ್ಮೆ ಕೂಗಿದ್ದು ಕೇಳಿಸಿತು. "ತಡಿ," ಎಂದಳು ಆಮೇಲೆ. "ಇಡಬ್ಯಾಡ. ಮಾಳಿಗಿ ಹತ್ತಿ ನೋಡಿ ಹೇಳ್ತೀನಿ."

ವೈನಿಗೂ ಈಗ ಮೊಣಕಾಲು ನೋವು. ಒಂದೊಂದು ಮೆಟ್ಟಿಲಿಗೂ ಉಸಿರು ಬಿಡುವುದು ಫೋನಿನಲ್ಲಿ ಕೇಳುತ್ತಿತ್ತು. ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡು ನಾನು ಕಾಯುತ್ತ ಕೂತೆ.