ಎರಡು ಚೀಲಕ್ಕೊಂದು ಹೆಬ್ಬೆರಳು

ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದಿತ್ತು. ಕೊಗನೊಳ್ಳಿಯ ಹತ್ತಿರದ ನನ್ನ ಕಬ್ಬಿಗೆ ಯೂರಿಯಾ ಹಾಕಲು ಅದಕ್ಕಿಂತ ಒಳ್ಳೆಯ ಹದ ಸಿಗುವುದಿಲ್ಲ. ಆದರೆ ನಿಪ್ಪಾಣಿಯ ಅಂಗಡಿಗಳಲ್ಲಿ ಯೂರಿಯಾ ಖಾಲಿ. ಸಿಗುವ ಕಡೆಯೂ ಆಧಾರ್ ಕೊಟ್ಟು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದವರಿಗೆ ಒಂದು ಅಂಗಡಿಯಲ್ಲಿ ತಲಾ ಎರಡೇ ಚೀಲ. ಹೊಲ ಎಷ್ಟು, ಬೆಳೆ ಯಾವುದು ಎಂದು ಆ ಯಂತ್ರ ಕೇಳುವುದಿಲ್ಲ. ಆರು ಎಕರೆಯವನಿಗೂ ಎರಡು, ಹೊಲವೇ ಇಲ್ಲದವನಿಗೂ ಎರಡು. ಹೀಗಾಗಿ ನಮ್ಮ ಕಡೆ ಗೊಬ್ಬರಕ್ಕೆ ಹೊರಟವರು ಹಗ್ಗ, ತಾಡಪತ್ರಿಯ ಜೊತೆಗೆ ಮನೆಯ ಮುದುಕರನ್ನೂ ಗಾಡಿ ಹತ್ತಿಸಿಕೊಳ್ಳುವುದು ರೂಢಿಯಾಗಿದೆ. ಕಾನೂನು ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರುವವರು.

ಹೆಂಡತಿ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಚಂದ್ರವ್ವ, ನನ್ನ ಅವ್ವನ ಅಕ್ಕ. ಗಂಡ ತೀರಿದ ಮೇಲೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬದುಕಿ, ಕೈಲಾಗದ ಮೇಲೆ ನಮ್ಮಲ್ಲಿಗೆ ಬಂದವಳು. ಗೊಬ್ಬರದ ಸಾಲಿನಲ್ಲಿ ನಿಲ್ಲಲು ಈ ವಯಸ್ಸಿನಲ್ಲಿ ಒಪ್ಪಲಾರಳು ಅಂದುಕೊಂಡು, "ದೊಡ್ಡವ್ವ, ಯಡೂರಿಗೆ ಹೋಗೂಣೇನು? ವೀರಭದ್ರನ ದರ್ಶನ ಮಾಡಿಸ್ತೀನಿ" ಎಂದೆ. ಆಕೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಕಾಯಿ, ಊದಿನಕಡ್ಡಿ ಚೀಲಕ್ಕೆ ಹಾಕಿಕೊಂಡು ನನಗಿಂತ ಮೊದಲೇ ಪಿಕಪ್‌ನಲ್ಲಿ ಕುಳಿತಳು. ಆಕೆಯ ಆಧಾರ್ ಕಾರ್ಡು ಆಗಲೇ ನನ್ನ ಜೇಬಿನಲ್ಲಿತ್ತು.

ಚಿಕ್ಕೋಡಿ ತಲುಪಿದಾಗ ಹಸಿವಾಗಿತ್ತು. ಅವಲಕ್ಕಿ, ಚಹಾ ಹೇಳಿದೆ. ಆಕೆ ತಟ್ಟೆ ನನ್ನ ಕಡೆಗೇ ಸರಿಸಿದಳು.

"ದರ್ಶನ ಆಗೂತನಕ ಬಾಯಾಗ ನೀರೂ ಹಾಕೂದಿಲ್ಲೋ. ನೀ ತಿನ್ನು."

ಅಲ್ಲಿಂದ ಯಡೂರು ದೂರವೇನಲ್ಲ, ಉತ್ತರಕ್ಕೆ ಹೊರಳಿದರೆ ಅರ್ಧ ಮುಕ್ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಪರಿಚಯದವನೊಬ್ಬ ಫೋನ್ ಮಾಡಿ, ರಾಯಬಾಗದಲ್ಲಿ ಲೋಡು ಇಳಿದಿದೆ, ತಡ ಮಾಡಿದರೆ ಮುಗಿಯಿತು ಎಂದ. "ಸಣ್ಣದೊಂದ ಕೆಲಸ ಐತಿ ದೊಡ್ಡವ್ವ, ಮುಗಿಸಿ ಹೋಗೂಣು" ಎಂದು ಪೂರ್ವಕ್ಕೆ ತಿರುಗಿಸಿದೆ. ಆಕೆಯ ಪಾಲಿನ ಅವಲಕ್ಕಿಯನ್ನೂ ನಾನೇ ತಿಂದಿದ್ದೆ.

ರಾಯಬಾಗದ ಅಂಗಡಿಯಲ್ಲಿ ನನ್ನ ಬೆರಳನ್ನು ಯಂತ್ರ ಕೂಡಲೇ ಒಪ್ಪಿತು. ದೊಡ್ಡವ್ವನದನ್ನು ಒಪ್ಪಲಿಲ್ಲ. ಬೀಡಿಯ ಎಲೆ ಮಡಿಚಿ ಮಡಿಚಿ ಆಕೆಯ ಬೆರಳ ತುದಿ ನುಣ್ಣಗಾಗಿತ್ತು. ಅಂಗಡಿಯವನು ಒದ್ದೆ ಬಟ್ಟೆಯಿಂದ ಉಜ್ಜಿದ, ತನ್ನ ಅಂಗಿಗೆ ಒರೆಸಿದ, ಒಂದೊಂದೇ ಬೆರಳು ಹಿಡಿದು ಒತ್ತಿ ನೋಡಿದ. "ಆಯಿ ಬೆರಳಾಗ ಗೆರಿನ ಇಲ್ಲಲ್ರಿ!" ಎಂದು ನಕ್ಕ. ಆಕೆ ಬಳೆಗಾರನಿಗೆ ಕೊಟ್ಟಂತೆ ಕೈ ಕೊಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ಚೀಲಗಳ ಕಡೆ ನೋಡಿದೆ. ಕೊನೆಗೆ ಉಂಗುರದ ಬೆರಳು ಹತ್ತಿತು.

ಚೀಲದ ಜೊತೆಗೆ ದ್ರವ ಯೂರಿಯಾದ ಬಾಟಲಿ ಕಡ್ಡಾಯವೆಂದ ಅಂಗಡಿಯವನು. "ಬ್ಯಾಡಾದ್ದ ತೊಗೊಳ್ಳಂತ ಯಾವ ಕಾನೂನ ಹೇಳತೈತ್ರಿ?" ಎಂದು ಊರು ಕೇಳುವಂತೆ ಜಗಳಾಡಿದೆ. ರೈತನ ಮಾನ, ಸರ್ಕಾರದ ಕುರುಡುತನ ಎಲ್ಲವನ್ನೂ ಎಳೆದು ತಂದು ಕೊನೆಗೆ ಬಾಟಲಿಯನ್ನೂ ಕೊಂಡೆ. ಮುದುಕಿಯ ಕೈ ಹಿಡಿದು ತಿಕ್ಕುವಾಗ ಮಾತ್ರ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ನಾಲ್ಕು ಚೀಲ ಸಾಲದೆನಿಸಿ ಅಥಣಿಗೆ ಹೊರಟೆ. ಕುಡಚಿಯ ಸೇತುವೆಯ ಕೆಳಗೆ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ದೊಡ್ಡವ್ವ ಕಿಟಕಿಯಿಂದಲೇ ಕೈಮುಗಿದು, "ಯಡೂರ ಬಂತೇನು?" ಎಂದಳು. "ಇನ್ನಷ್ಟ ಮುಂದೈತಿ" ಎಂದೆ. ಯಡೂರನ್ನು ಹಿಂದೆ ಬಿಟ್ಟು ಎಷ್ಟೋ ದೂರ ಬಂದಿದ್ದೆವು.

ನಿಜ ಹೇಳಬೇಕೆಂದರೆ ನನ್ನ ಕಬ್ಬೇನೂ ಸೊರಗಿರಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದ ಕೃಷಿ ಅಧಿಕಾರಿ ಯೂರಿಯಾ ಕಡಿಮೆ ಮಾಡಿರೆಂದೇ ಹೇಳಿದ್ದರು. ಆದರೆ ಬದುವಿನಾಚೆಯ ಕಬ್ಬು ಕಪ್ಪು ಹಸಿರಾಗಿದ್ದರೆ ನಮ್ಮದು ಬಡವಾಗಿ ಕಾಣುತ್ತದೆ. ನಮ್ಮ ಊರಲ್ಲಿ ಗೊಬ್ಬರದ ಪ್ರಮಾಣ ನಿರ್ಧರಿಸುವುದು ಪಕ್ಕದ ಹೊಲದವನು.

ಅಥಣಿಯಲ್ಲಿ ಸಾಲು ಕರಗುವ ಮೊದಲೇ ದಾಸ್ತಾನು ಮುಗಿಯಿತು. ಬಿಸಿಲು ಚುರುಗುಟ್ಟುತ್ತಿತ್ತು. ನೀರಿನ ಬಾಟಲಿ ತಂದುಕೊಟ್ಟೆ. ದೊಡ್ಡವ್ವ ಮುಖಕ್ಕೆ ಚಿಮುಕಿಸಿಕೊಂಡು ಹಿಂದಿರುಗಿಸಿದಳು. ಆಕೆಯ ತುಟಿ ಒಣಗಿದ್ದು ನನಗೆ ಕಂಡಿತ್ತು. ಕಂಡರೂ ಕಾಗವಾಡದ ದಾರಿ ಹಿಡಿದೆ.

ಅಲ್ಲಿಯ ಸಾಲಿನಲ್ಲಿ ದೊಡ್ಡವ್ವನ ಹಿಂದೆ, ನನಗಿಂತ ಮುಂದೆ ನಿಂತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ಇನ್ನೂ ಹೊಲದ ಕೆಸರು. "ನೀವ್ ಕಟ್ಟಿ ಮ್ಯಾಲ ಕುಂದರ್ರಿ ಆಯಿ, ನಿಮ್ಮ ಪಾಳಿ ನಾ ಹಿಡಿದಿರ್ತೀನಿ" ಎಂದು ಕೂರಿಸಿದಳು. ತನ್ನ ಎರಡು ಎಕರೆ ಗೋವಿನಜೋಳ ಹಳದಿ ಬಿದ್ದಿದೆ, ದಿನವೂ ಬಂದು ಬರಿಗೈಲಿ ಮರಳುತ್ತಿದ್ದೇನೆ ಎಂದು ಹೇಳಿಕೊಂಡಳು. ಪಾಳಿ ಬಂತು. ಈ ಸಲ ದೊಡ್ಡವ್ವನ ಬೆರಳು ಒಂದೇ ಏಟಿಗೆ ಹತ್ತಿತು. ಅಂಗಡಿಯವನು ಎರಡು ಚೀಲ ಹೊರಗೆಳೆದು, "ಇಷ್ಟ ರೀ, ಮುಗೀತು" ಎಂದು ಶಟರ್ ಅರ್ಧ ಇಳಿಸಿದ.

ಆ ಹೆಂಗಸು ಸಿಟ್ಟಾಗಲಿಲ್ಲ. "ನಿಮ್ದ ಎಷ್ಟ ಎಕರೆ ಐತ್ರಿ ಆಯಿ?" ಎಂದು ಕೇಳಿದಳಷ್ಟೆ.

"ನನಗೆಲ್ಲಿ ಹೊಲಾ ಯವ್ವಾ? ಬೀಡಿ ಕಟ್ಟಿ ಉಂಡಾಕಿ ನಾ. ಮಗಾ ದೇವರಿಗೆ ಕರಕೊಂಡ ಹೊಂಟಾನ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಉಳಿದವರು ಪಿಕಪ್‌ನಲ್ಲಿದ್ದ ಚೀಲಗಳನ್ನು ನೋಡಿ ಆಮೇಲೆ ನನ್ನನ್ನು ನೋಡಿದರು. ಆ ಎರಡು ಚೀಲವನ್ನು ಆ ಹೆಂಗಸಿನ ಮುಂದೆ ಇಟ್ಟುಬಿಡಬಹುದಿತ್ತು. ಇಡಲಿಲ್ಲ. ತಲೆ ತಗ್ಗಿಸಿ ಹೊತ್ತು ಗಾಡಿಗೆ ಹಾಕಿ, ಕಳ್ಳನ ಹಾಗೆ ಹೊರಟೆ. ಕನ್ನಡಿಯಲ್ಲಿ ಆಕೆ ಸೆರಗು ಕೊಡವಿಕೊಂಡು ಬಸ್ ನಿಲ್ದಾಣದ ಕಡೆ ನಡೆಯುವುದು ಕಾಣಿಸಿತು.

ಮಾಂಜರಿಯ ಸೇತುವೆ ದಾಟಿ ಯಡೂರು ಸೇರಿದಾಗ ಹೊತ್ತು ಇಳಿದಿತ್ತು. ಚೀಲ ಕಾಯುತ್ತೇನೆಂಬ ನೆಪದಲ್ಲಿ ನಾನು ಹೊರಗೇ ಉಳಿದೆ. ಒಳಗೆ ಹೋಗುವ ಮುಖವಿರಲಿಲ್ಲ. ಬಾಗಿಲಲ್ಲಿ ದೊಡ್ಡವ್ವ ತೀರ್ಥಕ್ಕೆ ಕೈ ಒಡ್ಡಿದ್ದು ಕಂಡಿತು. ಅದು ಆ ದಿನ ಆಕೆಯ ಗಂಟಲಿಗಿಳಿದ ಮೊದಲ ನೀರು. ಹೊರಗೆ ಬಂದವಳು ಯಂತ್ರಕ್ಕೆ ಒತ್ತಿದ ಅದೇ ಬೆರಳಿನಿಂದ ನನ್ನ ಹಣೆಗೆ ವಿಭೂತಿ ಹಚ್ಚಿದಳು.

ಚಿಕ್ಕೋಡಿ ದಾಟುವವರೆಗೂ ಆಕೆ ಒಡೆದ ಕಾಯಿಯ ಚೂರನ್ನು ನಿಧಾನವಾಗಿ ಅಗಿಯುತ್ತಿದ್ದಳು. ನಿಪ್ಪಾಣಿಯ ದೀಪಗಳು ಕಂಡಾಗ ತಡೆಯಲಾಗದೆ, "ತಪ್ಪಾತು ದೊಡ್ಡವ್ವ" ಎಂದೆ.

ಆಕೆ ಹಿಂದಿನ ಚೀಲಗಳ ಕಡೆ ಒಮ್ಮೆ ತಿರುಗಿ ನೋಡಿದಳು.

"ಗೊಬ್ಬರಕ್ಕ ಬಾ ಅಂದಿದ್ರ ನಾ ಒಲ್ಲೆ ಅಂತಿದ್ನೇನೋ? ಮುಂಜಾನಿ ಒಂದ ರೊಟ್ಟಿ ತಿಂದ ಬರ್ತಿದ್ದೆ."