ತಮ್ಮ ತೆಗೆದಿಟ್ಟ ಪಾಲು

ಮೊಂತಿ ಹಬ್ಬದ ಮಧ್ಯಾಹ್ನ, ಚರ್ಚಿನಿಂದ ಬಂದು ಊಟಕ್ಕೆ ಕೂರುವ ಹೊತ್ತಿಗೆ, ನಾನು ಪಾಣೆಮಂಗಳೂರಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ನೀರಿನ ಚೆಂಬು. ಅಲ್ಲಿಂದ ಊಟದ ಮೇಜು ಪೂರ್ತಿ ಕಾಣುತ್ತದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅದು ಮಾತೆ ಮರಿಯಮ್ಮನ ಹುಟ್ಟುಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯ ಕಾಳು ಸುಲಿದು, ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ತಿನ್ನುವುದು ನಮ್ಮ ಕ್ರಮ. ದೂರ ಇರುವ ಮನೆಯವರ ಪಾಲನ್ನು ಮೊದಲೇ ತೆಗೆದಿಟ್ಟು ಕಳಿಸುತ್ತೇವೆ. ನಮ್ಮಲ್ಲಿ ದೂರ ಇದ್ದವನು ತಮ್ಮ ಒಬ್ಬನೇ. ಅವನು ಪಾದ್ರಿ, ಆಫ್ರಿಕಾದ ಒಂದು ದೊಡ್ಡ ನಗರದ ಅಂಚಿನಲ್ಲಿ ಅವನ ಚರ್ಚ್. ಪ್ರತಿ ವರ್ಷ ಅಮ್ಮ, ನಮ್ಮ ಮಾಂಯ್, ಒಳ್ಳೆಯ ಕಾಳುಗಳನ್ನು ಆರಿಸಿ ಅವನ ಲಕೋಟೆಗೆ ಹಾಕುತ್ತಿದ್ದಳು. ಮುರಿದವು ಪಾಯಸಕ್ಕೆ, ಎಂದರೆ ನನಗೆ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ನಾನು, ಮೊದಲ ಪಾಲು ಅವನದು. ಬಿ.ಸಿ.ರೋಡಿನ ಅಂಚೆ ಕಚೇರಿಗೆ ಹೋಗಿ ಆ ಲಕೋಟೆ ಕಳಿಸುವ ಕೆಲಸವೂ ನನ್ನದೇ.

ಆ ವರ್ಷ ತಮ್ಮ ರಜೆಯಲ್ಲಿ ಬಂದಿದ್ದ. ಇಲ್ಲಿ ಪಾದ್ರಿಗಳು ಸಾಲುತ್ತಿಲ್ಲ, ಬೆಳ್ತಂಗಡಿ ಕಡೆ ಒಂದು ಚರ್ಚ್ ನೋಡಿಕೊಳ್ಳುತ್ತೀರಾ ಎಂದು ಮೇಲಿನವರು ಅವನನ್ನು ಕೇಳಿದ್ದರು. ಅವನು ಹೌದೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಅಮ್ಮ ಆಗಲೇ ಅವನ ಕೋಣೆಗೆ ಹೊಸ ಮಂಚ ತರಿಸಿದ್ದಳು. ನನ್ನ ಮಂಚ ವರ್ಷಗಳಿಂದ ಕಿರುಗುಟ್ಟುತ್ತಿತ್ತು. ಅದು ಯಾರಿಗೂ ಕೇಳಿರಲಿಲ್ಲ.

ನನ್ನ ಹೆಂಡತಿ ಎಲೆ ಹಾಕಿದಳು. ಬಡಿಸುವಾಗ, ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಅಕ್ಕ ಅವನನ್ನು ಕೆಣಕಿದರು. "ಏನು ಫಾದರ್, ಅಲ್ಲಿಯ ಊಟ ಮರೆತೇ ಹೋಯಿತಾ?"

"ಮರೆಯುವುದು ಹೇಗೆ ಅಕ್ಕ? ನಾನು ಹೋದಾಗ ಚರ್ಚಿನ ಹಿಂದೆ ಜೋಳದ ಹೊಲ ಇತ್ತು. ಈಗ ತಗಡಿನ ಮನೆಗಳು, ಅದರ ಹಿಂದೆ ಮತ್ತೆ ತಗಡಿನ ಮನೆಗಳು. ಎಲ್ಲ ಹಳ್ಳಿಯಿಂದ ಬಂದವರು. ಪೂಜೆ ಮುಗಿದರೂ ಏಳುವುದಿಲ್ಲ. ಹೋಗಲಿಕ್ಕೆ ನೆಂಟರ ಮನೆ ಬೇಕಲ್ಲ? ಸತ್ತರೆ ಹೊರಲಿಕ್ಕೂ ಜನ ಇಲ್ಲ, ನಾವು ಚರ್ಚಿನವರೇ ಹೊರುತ್ತೇವೆ. ಮಾಂಯ್ ಕಳಿಸಿದ ಕಾಳನ್ನು ದೊಡ್ಡ ಪಾತ್ರೆಯ ಗಂಜಿಗೆ ಹಾಕಿ ಎಲ್ಲರಿಗೂ ಕೊಡ್ತೇನೆ."

ಅಮ್ಮನ ಸೌಟು ನಿಂತಿತು. "ಎಲ್ಲರಿಗೂ? ನಾನು ಕಳಿಸಿದ್ದು ನಿನಗೆ."

"ನಾನೂ ಅವರ ಜೊತೆ ಕೂತೇ ತಿಂದೆ, ಮಾಂಯ್."

"ಅವರಿಗೆ ಅಮ್ಮಂದಿರಿಲ್ಲವಾ?"

"ಇದ್ದಾರೆ. ಹಳ್ಳಿಯಲ್ಲಿ."

ಅಮ್ಮ ಸುಲಿದ ಕಾಳಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಈ ಸಲ ಯಾರೂ ದೂರ ಇಲ್ಲ. ಎಲ್ಲವನ್ನೂ ಪಾಯಸಕ್ಕೆ ಹಾಕುವ" ಎಂದಳು. ಈ ಸಲ ಒಳ್ಳೆಯ ಕಾಳು ನನಗೂ ಉಂಟು ಎಂದುಕೊಂಡೆ.

ತಮ್ಮ ಕೈ ಚಾಚಿದ. ಬಾಳೆಲೆಯ ಅಂಚಿನಿಂದ ಒಂದು ತುಂಡು ಹರಿದ. ತಟ್ಟೆಯಿಂದ ಒಂದು ಚಿಟಿಕೆ ಕಾಳು ತೆಗೆದು ಅದರ ಮೇಲಿಟ್ಟು, ಮಡಚಿ, ತನ್ನ ಲೋಟದ ಬದಿಗೆ ಸರಿಸಿದ. ಗಡಿಬಿಡಿ ಇರಲಿಲ್ಲ. ಅಮ್ಮ ಅವನ ಪಾಲನ್ನು ತೆಗೆದಿಡುತ್ತಿದ್ದದ್ದೂ ಹಾಗೆಯೇ.

"ಯಾರಿಗೆ ಅದು?" ಅಮ್ಮ ಕೇಳಿದಳು.

"ಮನೆಯವರಿಗೆ" ಎಂದ.

ಅವನು ವಾಪಸು ಹೋಗುತ್ತಾನೆ ಎಂದು ಬೇರೆ ಹೇಳಬೇಕಾಗಲಿಲ್ಲ. ಅಮ್ಮ ಉಳಿದ ಕಾಳನ್ನು ಪಾಯಸಕ್ಕೆ ಸುರಿದಳು. ಚೆಂಬಿನ ನೀರು ನನ್ನ ಪಾದದ ಮೇಲೆ ಚೆಲ್ಲಿತ್ತು. ಅಷ್ಟು ವರ್ಷ ತಮ್ಮನ ಮೇಲಿದ್ದ ಹೊಟ್ಟೆಕಿಚ್ಚು ಆಗ, ನಾನು ಮುಖವನ್ನೇ ಕಾಣದ ಆ ತಗಡಿನ ಮನೆಯವರ ಮೇಲೆ ತಿರುಗಿತು. ಅವರನ್ನು ಹೊರಲಿಕ್ಕೆ ಇವನಿರುತ್ತಾನೆ. ಅಮ್ಮನನ್ನು?

ಅಮ್ಮ ತೀರಿಕೊಂಡಾಗ ಅವನಿಗೆ ಸಮಯಕ್ಕೆ ತಲುಪಲು ಆಗಲಿಲ್ಲ. ನಾನೂ ನೆರೆಕರೆಯವರೂ ಹೊತ್ತೆವು. ಈಗಲೂ ಹಬ್ಬಕ್ಕೆ ಕಾಳು ಕಳಿಸುತ್ತೇನೆ, ಮೊದಲಿಗಿಂತ ದೊಡ್ಡ ಲಕೋಟೆಯಲ್ಲಿ. ಒಳ್ಳೆಯದು, ಮುರಿದದ್ದು ಎಂದು ಆರಿಸುವುದಿಲ್ಲ.

ಆ ಬಾಳೆಲೆಯ ತುಂಡನ್ನು ಕಂಡವರಲ್ಲಿ ಈಗ ಬದುಕಿರುವವರು ಪಕ್ಕದ ಮನೆಯ ಅಕ್ಕ, ಹಿಂದಿನ ದಿನ ಮೂಡುಬಿದಿರೆಯ ತವರಿನಿಂದ ಬಂದು ಎಲೆ ಹಾಕಿದ್ದ ನನ್ನ ಹೆಂಡತಿ, ನಾನು, ಮತ್ತು ಅಲ್ಲಿ ತನ್ನ ಮನೆಯವರ ಜೊತೆಗಿರುವ ತಮ್ಮ.