ಎತ್ತಿನ ಮಣಿಕಟ್ಟು

ಎತ್ತಿನ ಮುಂಗಾಲು ನಡುವೆ ಮಡಚುವ ಗಂಟನ್ನು ನಮ್ಮ ಕಡೆ ಎಲ್ಲರೂ ಮಂಡಿ ಎನ್ನುತ್ತಾರೆ. ಅದು ಮಂಡಿಯಲ್ಲ, ಮಣಿಕಟ್ಟು ಎಂದು ನನಗೆ ಹೇಳಿದವನು ನನ್ನ ತಮ್ಮ. ಎಪ್ಪತ್ತರ ದಶಕದ ಕೊನೆಯಲ್ಲಿ ಅವನು ದನದ ಡಾಕ್ಟರ ಓದಿಗೆ ಮದ್ರಾಸಿಗೆ ಹೋಗಿದ್ದ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಉದ್ದನಪಲ್ಲಿ ಹತ್ತಿರದ ನಮ್ಮ ಹೊಲದಲ್ಲಿ ನೇಗಿಲು ಹಿಡಿದವನು.

ಅವನು ಮೊದಲ ರಜೆಗೆ ಬಂದಾಗ ಲಾಳ ಕಟ್ಟಿಸಲು ನಮ್ಮ ಎತ್ತನ್ನು ಕೆಡವಿದ್ದೆವು. "ಮಂಡಿ ಮ್ಯಾಲಕ್ಕೆ ಹಗ್ಗ ಹಾಕು" ಎಂದು ನಾನು ಲಾಳದವನಿಗೆ ಹೇಳಿದೆ.

"ಅದು ಮಂಡಿ ಅಲ್ಲ ಕಣಣ್ಣಯ್ಯ, ಮಣಿಕಟ್ಟು. ದನ ಬೆರಳ ತುದೀಲಿ ನಡೀತದೆ" ಎಂದು ತಮ್ಮ ತನ್ನ ಕೈಯನ್ನೇ ಮಡಚಿ ತೋರಿಸಿದ.

ಲಾಳದವನು ನಕ್ಕುಬಿಟ್ಟ. "ಏನ್ಲಾ ಇದು, ಇಷ್ಟು ವರ್ಸ ಉತ್ತವ್ನೆ, ಎತ್ತಿನ ಕೈಯಾವ್ದು ಕಾಲ್ಯಾವ್ದು ಅಂತ ಇವನ್ಗೇ ಗೊತ್ತಿಲ್ವಲ್ಲಾ!"

ಸುತ್ತ ನಿಂತವರೂ ನಕ್ಕರು. ಎಷ್ಟೋ ದಿನ ದಾರಿಯಲ್ಲಿ ಸಿಕ್ಕವರು ಎತ್ತಿನ ಕೈ ಹೇಗಿದೆ ಎಂದು ಕೇಳುತ್ತಿದ್ದರು. ತಮ್ಮ ನನ್ನನ್ನು ಹೀಗಳೆಯಲು ಹೇಳಿದ್ದಲ್ಲ. ಕಲಿತದ್ದನ್ನು ಖುಷಿಯಿಂದ ಹೇಳಿದ್ದ, ಅಷ್ಟೆ.

ಆ ಎತ್ತಿಗೆ ವಯಸ್ಸಾಗಿತ್ತು. ಹೊರಡುವ ಮುನ್ನ ತಮ್ಮ ಸಂಕೋಚದಿಂದಲೇ ಕೇಳಿದ. ಹಾಸ್ಟೆಲಿನಲ್ಲಿ ಹತ್ತಾರು ಹುಡುಗರಿಗೆ ಹಿಡಿದು ನೋಡಿ ಕಲಿಯಲು ಒಂದೇ ಮೂಟೆ ದನದ ಮೂಳೆ, ಅವನ ಸರದಿ ಬರುವುದೇ ಅಪರೂಪ. "ತಪ್ಪು ತಿಳ್ಕಬ್ಯಾಡ ಅಣ್ಣಯ್ಯ. ಇದು ಹೋದ್ರೆ ಹೊಲ್ದಾಗೇ ಊಳ್ಬುಡು, ರಜಕ್ಕೆ ಬಂದಾಗ ಮೂಳೆ ತಕ್ಕಂತೀನಿ. ಮುಂಗಾಲಿಗೆ ಮಾತ್ರ ಒಂದೊಂದಕ್ಕೂ ಗೊಬ್ಬರದ ಚೀಲ ಕಟ್ಟು, ಬಲಗಾಲ ಚೀಲಕ್ಕೆ ಗುರ್ತಿಗೆ ತಂತಿ ಸುತ್ತು. ಮಣಿಕಟ್ಟಲ್ಲಿ ಆರಾರು ಚಿಕ್ಕ ಮೂಳೆ ಅವೆ. ಬೆರೆತೋದ್ರೆ ಕಷ್ಟ." ಎರಡು ಚೀಲಗಳನ್ನು ತಾನೇ ತೊಳೆದು, ತಂತಿ ಸಮೇತ ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ ಹೋದ.

ಎತ್ತು ಸತ್ತ ದಿನ ಅರಿಶಿನ ಕುಂಕುಮವಿಟ್ಟು ಹೊಲದ ಬದುವಿನಲ್ಲಿ ಹೂಳಿದೆವು. ಚೀಲಗಳು ಗೂಟದಲ್ಲೇ ಇದ್ದವು. ಕಟ್ಟಲು ಒಂದು ಗಳಿಗೆ ಸಾಕಿತ್ತು. ನಾನು ಕಟ್ಟಲಿಲ್ಲ. ಎತ್ತಿನ ಮೇಲಿನ ಅಕ್ಕರೆಯಿಂದ ಕೈ ಬರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ನಗು ಇನ್ನೂ ನನ್ನ ಕಿವಿಯಲ್ಲಿತ್ತು.

ಮುಂದಿನ ರಜೆಯಲ್ಲಿ ಅವನು ಅಗೆಯಲು ಬಂದ. ಚೀಲ, ತಂತಿಗಳನ್ನು ನಾನು ಆಗಲೇ ಗೂಟದಿಂದ ತೆಗೆದುಬಿಟ್ಟಿದ್ದೆ. ದೊಡ್ಡ ಮೂಳೆಗಳೆಲ್ಲ ಸಿಕ್ಕವು. ಹನ್ನೆರಡು ಚಿಕ್ಕ ಮೂಳೆಗಳಲ್ಲಿ ಸಿಕ್ಕಿದ್ದು ಏಳು, ಅವೂ ಕಲಸಿಹೋಗಿದ್ದವು.

"ಚೀಲ ಏನಾಯ್ತಣ್ಣಯ್ಯ?"

"ನರಿ ಕೆದರಿತ್ತು ಕಣ್ಲಾ. ಎಳ್ಕಂಡೋಗ್ಬುಟ್ಟದೆ."

ಅವನು ನಂಬಿದ. ಉಳಿದ ಮೂಳೆಗಳನ್ನು ತೊಳೆದು ಒಣಗಿಸಿ, ಮಸಿಯಲ್ಲಿ ಒಂದೊಂದಕ್ಕೂ ನಂಬರು ಬರೆದ. ಆ ಏಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ, ಯಾವುದಕ್ಕೂ ಏನನ್ನೂ ಬರೆಯದೆ ಕಾಗದದಲ್ಲಿ ಕಟ್ಟಿಟ್ಟ.

ಪರೀಕ್ಷೆಯಲ್ಲಿ ಅವನ ಅಂಗೈಗೆ ಮಣಿಕಟ್ಟಿನ ಒಂದು ಮೂಳೆ ಇಟ್ಟು, ಯಾವುದು, ಯಾವ ಕಾಲಿನದು ಎಂದು ಕೇಳಿದರಂತೆ. ಅವನಿಗೆ ಹೇಳಲಾಗಲಿಲ್ಲ. ಜೊತೆಯವರು ಮುಂದಿನ ಕ್ಲಾಸಿಗೆ ಹೋದರು, ಇವನು ಹಿಂದುಳಿದ. ಮನೆಗೆ ಬಂದ ಕಾರ್ಡಿನಲ್ಲಿ ಅದನ್ನು ಎರಡೇ ಸಾಲು ಬರೆದಿದ್ದ. ಕೊನೆಗೆ, ನರಿ ಮಾಡಿದ್ದಕ್ಕೆ ಅಣ್ಣಯ್ಯ ಬೇಸರ ಮಾಡಿಕೊಳ್ಳುವುದು ಬೇಡ ಎಂದಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ. ಆಗಲಾದರೂ ನಿಜ ಬರೆಯಬಹುದಿತ್ತು.

ಒಂದು ವರ್ಷ ತಡವಾಗಿ ಅವನು ಡಾಕ್ಟರಾದ. ಒಮ್ಮೆ ನನ್ನ ಹೊಸ ಎತ್ತು ಕುಂಟುತ್ತಿದ್ದಾಗ ಬಂದು, ಅದರ ಮುಂಗಾಲು ಸವರಿ, "ಮಂಡಿ ಊದ್ಕಂಡದೆ ಅಣ್ಣಯ್ಯ" ಎಂದ. ನಮ್ಮ ಮಾತನ್ನೇ ಆಡಿದ. ನಾನು ಮುಖ ತಿರುಗಿಸಿದೆ.

ಆಮೇಲೊಂದು ವರ್ಷ ಬದು ಸರಿಮಾಡುವಾಗ ಗುದ್ದಲಿಗೆ ಒಂದು ಚಿಕ್ಕ ಮೂಳೆ ಸಿಕ್ಕಿತು. ತೊಳೆದು ಇಟ್ಟುಕೊಂಡಿದ್ದೇನೆ. ಎಡಗಾಲಿನದೋ ಬಲಗಾಲಿನದೋ ನನಗೆ ತಿಳಿಯದು. ತಮ್ಮನನ್ನು ಕೇಳಿದರೆ ಈಗ ಥಟ್ಟನೆ ಹೇಳಿಯಾನು. ಆದರೆ ನರಿಯ ಮಾತು ತೆಗೆಯದೆ ಅದನ್ನು ಅವನ ಕೈಗೆ ಕೊಡುವುದು ಹೇಗೆ?